ಒಸಿ ಅಂದ್ರೆ ಎಷ್ಟು ಗ್ರಾಂ?

ಆಷಾಢದ ಜಡಿಮಳೆಗೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಪಾಚಿ ಕಟ್ಟಿತ್ತು. ನನ್ನ ಹೆಂಡತಿ ಅದರ ಮೇಲೆ ಕಾಲಿಟ್ಟು ಜಾರಿದಳು, ಬೀಳುವಾಗ ಬಲಗೈ ಊರಿದಳು. ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್ ಅಂದರು. ಆಸ್ಪತ್ರೆಯಿಂದ ಮಂಡ್ಯದ ಸುಭಾಷ್ ನಗರದ ನಮ್ಮ ಮನೆಗೆ ಆಟೋದಲ್ಲಿ ಬರುವಾಗ ಅವಳು ನೋವಿನ ಮಾತೇ ಎತ್ತಲಿಲ್ಲ. "ರಾತ್ರಿಗೆ ಏನ್ ಮಾಡ್ತೀರಿ?" ಅಂದಳು. 34 ವರ್ಷದ ಸಂಸಾರದಲ್ಲಿ ಈ ಪ್ರಶ್ನೆ ಕೇಳುತ್ತಿದ್ದವನು ನಾನು.

ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ 31 ವರ್ಷ ಕೆಮಿಸ್ಟ್ ಆಗಿದ್ದು ನಿವೃತ್ತನಾದವನು ನಾನು. 100 ಗ್ರಾಂ ಕಬ್ಬಿನ ಹಾಲಿನಲ್ಲಿ ಕರಗಿರುವುದು ಎಷ್ಟು ಗ್ರಾಂ ಅನ್ನುವುದು ಬ್ರಿಕ್ಸ್, ಅದರಲ್ಲಿ ಸಕ್ಕರೆ ಎಷ್ಟು ಅನ್ನುವುದು ಪೋಲ್. ಇವೆರಡನ್ನು ಪಾಳಿಗೆ ಎಷ್ಟೋ ಸಲ ಅಳೆದು ರಿಜಿಸ್ಟರಿಗೆ ಏರಿಸಿದ ಕೈ ಇದು. ಅಳೆಯಲು ಬಂದರೆ ಮಾಡಲೂ ಬರುತ್ತದೆ ಎಂಬ ಧೈರ್ಯದಲ್ಲಿ ಮಾರನೆಯ ದಿನವೇ ಒಂದು ಡಿಜಿಟಲ್ ತಕ್ಕಡಿ, 200 ಪುಟದ ಒಂದು ನೋಟ್‌ಬುಕ್ ತಂದೆ. ಅವಳು ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೇಳುವುದು, ನಾನು ಅಳೆದು ಮಾಡುವುದು, ಮಾಡಿದ್ದನ್ನು ಬರೆದಿಡುವುದು. ಮುಂದೆ ಮಗಳಿಗೂ ಉಪಯೋಗಕ್ಕೆ ಬಂದೀತು ಅಂದುಕೊಂಡೆ. ಮೊದಲ ಪುಟದ ನೆತ್ತಿಯ ಮೇಲೆ "ಬಸ್ಸಾರು" ಎಂದು ಬರೆದು ಅಡಿಗೆರೆ ಎಳೆದೆ.

"ಬೇಳೆ ಎಷ್ಟು?"

"ಇಬ್ಬರಿಗೆ ಎಷ್ಟು ಬೇಕೋ ಅಷ್ಟು."

"ನೀರು?"

"ಸೊಪ್ಪು ಬೇಳೆ ಮುಳುಗಿ ಮೇಲೆ ನಿಲ್ಲಬೇಕು, ಅಷ್ಟು."

"ಉಪ್ಪು?"

"ಒಸಿ."

"ಹುಣಸೆಹಣ್ಣು?"

"ಅದೂ ಒಸಿ."

"ಎರಡು ಒಸೀನೂ ಒಂದೇನಾ?"

ಅವಳು ಪ್ಲಾಸ್ಟರ್ ಕೈಯನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡಿದಳು. "ಒಂದೇ ಹೆಂಗಾಯ್ತದೆ? ಉಪ್ಪಿನೊಸಿ ಬೇರೆ, ಹುಣಸೆಹಣ್ಣಿನೊಸಿ ಬೇರೆ."

ನಮ್ಮ ಕಡೆಯವರಲ್ಲದವರಿಗಾಗಿ ಹೇಳುತ್ತೇನೆ: ಒಸಿ ಅಂದರೆ ಸ್ವಲ್ಪ. ಮಂಡ್ಯ ಸೀಮೆಯಲ್ಲಿ ಉಪ್ಪಿನಿಂದ ಹಿಡಿದು ಜಾಗದವರೆಗೆ ಎಲ್ಲದಕ್ಕೂ ಅದೇ ಅಳತೆ. "ಒಸಿ ಜರುಗಿ" ಅಂದರೆ ಬಸ್ಸಿನಲ್ಲಿ ಎಷ್ಟು ಇಂಚು ಜರುಗಬೇಕು ಎಂದು ಯಾರೂ ಕೇಳುವುದಿಲ್ಲ.

ಮೊದಲ ಬಸ್ಸಾರು ಕೆಟ್ಟದ್ದು ಒಸಿಯಿಂದಲ್ಲ, ಕುಕ್ಕರಿನಿಂದ. ಸೊಪ್ಪು, ಬೇಳೆ ಹಾಕಿ ಮೂರು ವಿಷಲ್ ಕೂಗಿಸಿದೆ. ತೆಗೆದು ನೋಡಿದರೆ ಎಲ್ಲ ಕಲಸಿ ಹಸಿರು ಗಂಜಿ. ಬಸಿಯುವುದಕ್ಕೆ ಅಲ್ಲಿ ನೀರೇ ಬೇರೆಯಾಗಿ ಉಳಿದಿರಲಿಲ್ಲ. ಬಸಿದ ಸಾರು ಬಸ್ಸಾರು, ಹೆಸರಲ್ಲೇ ವಿಧಾನ ಇದೆ, ನನಗೆ ಹೊಳೆದಿರಲಿಲ್ಲ. ಬೇಳೆ ಬೆರಳ ನಡುವೆ ಒತ್ತಿದರೆ ನುಣ್ಣಗೆ ಹಿಸುಕಬೇಕು, ಆದರೆ ನೀರಿನಲ್ಲಿ ಇಡಿಯಾಗೇ ಇರಬೇಕು. ಸೊಪ್ಪಿನ ದಂಟು ಮೆತ್ತಗಾಗಿರಬೇಕು, ಕರಗಿರಬಾರದು. ಆ ಗಳಿಗೆಯಲ್ಲಿ ಜರಡಿಗೆ ಸುರಿದು ಬಸಿದರೆ ಕೆಳಗೆ ಇಳಿಯುವುದು ಸಾರಿನ ಕಟ್ಟು, ಮೇಲೆ ಉಳಿಯುವುದು ಪಲ್ಯ. ಬೆಂದ ಸೊಪ್ಪು ಬೇಳೆಯಲ್ಲೇ ಒಂದು ಹಿಡಿ ತೆಗೆದು ತೆಂಗಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಒಣಮೆಣಸಿನಕಾಯಿ, ಹುಣಸೆಹಣ್ಣಿನ ಜೊತೆ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿ ಒಗ್ಗರಣೆ ಕೊಡುವುದು. ಒಂದೇ ಪಾತ್ರೆಯಿಂದ ಎರಡು ಅಡುಗೆ. ಇದನ್ನು ಕಂಡುಹಿಡಿದವಳಿಗೆ ಯಾರೂ ಬಹುಮಾನ ಕೊಟ್ಟಂತಿಲ್ಲ.

ಎರಡನೆಯ ದಿನ ಹುಣಸೆಹಣ್ಣನ್ನು ಮೊದಲೇ ಪಾತ್ರೆಗೆ ಹಾಕಿದೆ. ಹುಳಿಯಲ್ಲಿ ಬೇಳೆ ಬೇಗ ಬೇಯುವುದಿಲ್ಲ ಎಂದು ಕೆಮಿಸ್ಟ್ ಆದ ನನಗೆ ಗೊತ್ತಿರಬೇಕಿತ್ತು. ಮುಕ್ಕಾಲು ಗಂಟೆ ಕುದ್ದರೂ ಹಲ್ಲಿಗೆ ಕಟಕಟ ಅನ್ನುತ್ತಿತ್ತು. ಮೂರನೆಯ ದಿನ ಎಲ್ಲವೂ ಸರಿಹೋಯಿತು ಅಂದುಕೊಂಡು ಸಮಯ, ತೂಕ ಎರಡನ್ನೂ ಶುದ್ಧಪ್ರತಿ ಮಾಡಿದೆ. ನಾಲ್ಕನೆಯ ದಿನ ನಲ್ಲಿಯಲ್ಲಿ ಕಾವೇರಿ ನೀರು ಬರಲಿಲ್ಲ. ಬೋರ್‌ವೆಲ್ ನೀರಿನಲ್ಲಿ ಇಟ್ಟೆ. ಅದೇ ಬೇಳೆ, ಅದೇ ಉರಿ, ಅದೇ ಪಾತ್ರೆ. ಹಿಂದಿನ ದಿನಕ್ಕಿಂತ 20 ನಿಮಿಷ ಹೆಚ್ಚು ತೆಗೆದುಕೊಂಡಿತು. ಗಡಸು ನೀರು ಬಾಯ್ಲರಿನಲ್ಲಿ ಹೇಗೆ ಹೊಪ್ಪಳೆ ಕಟ್ಟುತ್ತದೆ ಎಂದು ವರ್ಷಗಟ್ಟಲೆ ನೋಡಿದ್ದೆ, ಅದೇ ಸುಣ್ಣದ ಅಂಶ ಬೇಳೆಯನ್ನೂ ಬಿಗಿಹಿಡಿಯುತ್ತದೆ ಎಂದು ಒಲೆ ಮುಂದೆ ನಿಂತಾಗ ತಿಳಿಯಿತು. ನೋಟ್‌ಬುಕ್ಕಿನಲ್ಲಿ "ನೀರು ಯಾವುದು" ಅಂತ ಇನ್ನೊಂದು ಕಾಲಂ ಹಾಕಿದೆ. ವಾರದ ಹೊತ್ತಿಗೆ ಕಾಲಂಗಳು ಒಂಬತ್ತಾದವು. ಬೇಳೆ ಹೊಸದೋ ಹಳೆಯದೋ, ಸೊಪ್ಪು ಎಳೆಯದೋ ಬಲಿತದ್ದೋ, ಪಾತ್ರೆ ದಪ್ಪ ತಳದ್ದೋ ಅಲ್ಲವೋ.

ಆಗ ಒಂದು ಘಟನೆ ನಡೆಯಿತು. ಉಪ್ಪು ಹಾಕಲು ನಾನು ತಡಬಡಾಯಿಸುವುದನ್ನು ನೋಡಲಾರದೆ ಅವಳೇ ಎದ್ದು ಬಂದು ಎಡಗೈಯಲ್ಲಿ ಉಪ್ಪಿನ ಡಬ್ಬಿಗೆ ಕೈಹಾಕಿ ಪಾತ್ರೆಗೆ ಎಸೆದಳು. ಊಟಕ್ಕೆ ಕೂತರೆ ಬಾಯಿಗಿಡಲಾಗದಷ್ಟು ಉಪ್ಪು. ಅವಳ ಸಾರಿನಲ್ಲಿ ಉಪ್ಪು ಹೆಚ್ಚಾಗಿದ್ದು ನಾನು ಕಂಡಿದ್ದು ಅದೇ ಮೊದಲು. ಮಾರನೆಯ ದಿನ ಮತ್ತೆ ಹಾಕಿದಳು, ಈ ಸಲ ಸಪ್ಪೆ. ನಾನು ಗುಟ್ಟಾಗಿ ತಕ್ಕಡಿ ಮೇಲೆ ಬಟ್ಟಲಿಟ್ಟು "ಇದಕ್ಕೆ ಒಸಿ ಹಾಕು" ಅಂದೆ. ಎಡಗೈಯ ಒಸಿ ಒಮ್ಮೆ 4 ಗ್ರಾಂ, ಒಮ್ಮೆ 13 ಗ್ರಾಂ. ಅವಳು ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಈ ಕೈಗೆ ಗೊತ್ತಿಲ್ಲ ಕಣ್ರೀ" ಅಂದಳು. ಆ ಮಾತಿನಲ್ಲಿ ಬೇಸರಕ್ಕಿಂತ ಬೆರಗು ಹೆಚ್ಚಿತ್ತು. ಗೊತ್ತಿರುವುದು ತನಗೆ ಎಂದು ಅವಳು ಇಷ್ಟು ದಿನ ತಿಳಿದಿದ್ದಳು, ಗೊತ್ತಿದ್ದದ್ದು ಬಲಗೈಗೆ.

ಆದರೆ ಕಣ್ಣಿಗೂ ಗೊತ್ತಿತ್ತು. ಅಲ್ಲಿಂದಾಚೆಗೆ ನಾನು ನನ್ನ ಕೈಯಿಂದ ಉಪ್ಪು ಉದುರಿಸುವುದು, ಅವಳು ಪಾತ್ರೆ ನೋಡಿಕೊಂಡು "ಸಾಕು" ಅನ್ನುವುದು ಎಂದಾಯಿತು. ಡಬ್ಬಿಯನ್ನು ಹಿಂದೆ ಮುಂದೆ ತೂಗಿ ಲೆಕ್ಕ ಹಾಕಿದೆ. ಒಂದು ದಿನ 8 ಗ್ರಾಂ, ಇನ್ನೊಂದು ದಿನ 14. ಮೊದಲಿಗೆ ಇದೂ ಗೊಂದಲವೇ ಅನ್ನಿಸಿತು. ಆಮೇಲೆ ನೀರಿನ ಅಳತೆ ಪಕ್ಕದಲ್ಲಿಟ್ಟು ನೋಡಿದೆ. ಒಂಬತ್ತು ದಿನದಲ್ಲಿ ಏಳು ದಿನ ಲೀಟರಿಗೆ 9ರಿಂದ 10 ಗ್ರಾಂ. ಉಳಿದೆರಡು ದಿನ ಕಡಿಮೆ, ಆ ದಿನಗಳಲ್ಲಿ ಸಾರಿಗೆ ಕೀರೆ, ಹೊನಗೊನ್ನೆ ಹೆಚ್ಚಿತ್ತು. "ಆ ಸೊಪ್ಪಿಗೆ ತನ್ನದೇ ಉಪ್ಪಿರ್ತದೆ" ಅಂದಳು. ಅಂದರೆ ಅವಳ ಒಸಿ ತೂಕವಲ್ಲ, ಪ್ರಮಾಣ. ಲ್ಯಾಬಿನ ಭಾಷೆಯಲ್ಲಿ ಶೇಕಡಾವಾರು. ನಾನು 31 ವರ್ಷ ಬರೆದದ್ದೂ ಅದನ್ನೇ.

ಈ ಲೆಕ್ಕ ಮಾಡಿದ ರಾತ್ರಿ ನನಗೆ ಕಾರ್ಖಾನೆಯ ಪ್ಯಾನ್ ಮೇಸ್ತ್ರಿಯೊಬ್ಬರು ನೆನಪಾದರು. ನಿರ್ವಾತದ ದೊಡ್ಡ ಪಾತ್ರೆಯಲ್ಲಿ ರಸ ಕುದ್ದು ಗಟ್ಟಿಯಾಗಿ ಹರಳು ಕಟ್ಟುವ ಜಾಗಕ್ಕೆ ಪ್ಯಾನ್ ಎನ್ನುತ್ತೇವೆ. ಯಾವ ಗಳಿಗೆಯಲ್ಲಿ ಅದನ್ನು ಇಳಿಸಬೇಕು ಅನ್ನುವುದರ ಮೇಲೆ ಸಕ್ಕರೆಯ ಹಣೆಬರಹ. ಮೇಸ್ತ್ರಿ ಸಲಾಕೆ ಎಳೆದು ಬಂದಷ್ಟನ್ನು ಗಾಜಿನ ಚೂರಿನ ಮೇಲೆ ಸವರಿ ಬಲ್ಬಿನ ಬೆಳಕಿಗೆ ಹಿಡಿಯುತ್ತಿದ್ದರು. ಹೆಬ್ಬೆರಳು ತೋರುಬೆರಳ ನಡುವೆ ಎಳೆ ತೆಗೆದು ನೋಡುತ್ತಿದ್ದರು. ನಾನು ಸ್ಯಾಂಪಲ್ ಒಯ್ದು ಅಳೆದು ಅಂಕಿ ತರುವ ಹೊತ್ತಿಗೆ ಪ್ಯಾನ್ ಇಳಿದಿರುತ್ತಿತ್ತು. ಹೊಸದರಲ್ಲಿ ಸಿಟ್ಟಾಗಿದ್ದೆ. "ನಿಮ್ಮಂಕಿ ಆಗಿನದು ಸಾರ್, ನನ್ ಬೆರಳು ಈಗಿಂದು" ಅಂದಿದ್ದರು. ನಮ್ಮೂರಿನ ಆಲೆಮನೆಯಲ್ಲೂ ಅಷ್ಟೇ. ಬೆಲ್ಲದ ಪಾಕ 118 ಡಿಗ್ರಿಯ ಆಸುಪಾಸು ಬಂದಾಗ ಕೊಪ್ಪರಿಗೆ ಇಳಿಸಬೇಕು ಎಂದು ನಾನು ಓದಿ ತಿಳಿದಿದ್ದೆ. ಅಲ್ಲಿನವರು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಉಂಡೆ ಕಟ್ಟಿತೋ ಇಲ್ಲವೋ ನೋಡಿ, "ಹದ ಬಂತು" ಎನ್ನುತ್ತಿದ್ದರು. ಬಿತ್ತನೆಗೆ ನೆಲ ಹದ ಬಂತು, ಪಾಕ ಹದ ಬಂತು, ಹಿಟ್ಟು ಹದ ಬಂತು. ನಾನು ತಕ್ಕಡಿ ಮಾರಿಬಿಡಲಿಲ್ಲ, ಆದರೆ ಮೇಲಿನ ಅಟ್ಟಕ್ಕೆ ಏರಿಸಿದೆ.

ಹಿಟ್ಟಿನ ಮಾತು ಬಂತು. ಹೊರಗಿನವರಿಗೆ ಅದು ಮುದ್ದೆ, ನಮಗೆ ಹಿಟ್ಟು. ಕುದಿಯುವ ನೀರಿಗೆ ರಾಗಿಹಿಟ್ಟನ್ನು ಗುಡ್ಡೆಯಾಗಿ ಸುರಿದು ಮುಟ್ಟದೆ ಬಿಡಬೇಕು. ಸುತ್ತ ನೀರು ಉಕ್ಕಿ ಗುಡ್ಡೆಯ ಮೇಲೆ ಹರಿಯುವಾಗ ಕೋಲಿನಲ್ಲಿ ನಡುವೆ ತೂತು ಮಾಡಬೇಕು. ಆ ತೂತಿನಿಂದ ಲೊಚಲೊಚ ಎನ್ನುವ ಸದ್ದು ಬರುತ್ತದೆ. ಸದ್ದು ದಪ್ಪಗಾದಾಗ ಇಳಿಸಿ, ಪಾತ್ರೆ ಒತ್ತಿಹಿಡಿದು ತೊಳಸಬೇಕು. ರಾಗಿಯಲ್ಲಿ ಗೋಧಿಯ ಹಾಗೆ ಅಂಟಿನ ಎಳೆ ಇಲ್ಲ, ಪಿಷ್ಟ ಬೆಂದು ಉಬ್ಬಿಯೇ ಮುದ್ದೆ ನಿಲ್ಲಬೇಕು. ಬೇಯುವ ಮುಂಚೆ ಕೈಯಾಡಿಸಿದರೆ ಗಂಟು, ತಡಮಾಡಿದರೆ ತಳ ಹಿಡಿಯುತ್ತದೆ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟದಿದ್ದರೆ ಬೆಂದಿದೆ ಅಂತ. ನನ್ನ ಮೊದಲ ಹತ್ತು ದಿನದ ಹಿಟ್ಟನ್ನು ಎದುರುಮನೆಯ ಹಸು ತಿಂದಿತು, ಅದೂ ಯೋಚನೆ ಮಾಡಿ.

ಇಲ್ಲಿ ಒಂದು ಅಡ್ಡಮಾತು. ಮಂಡ್ಯದ ವಿ.ಸಿ. ಫಾರ್ಮ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಭಾರತದ ಮತ್ತು ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟವರು ವಿಜ್ಞಾನಿ ಲಕ್ಷ್ಮಣಯ್ಯ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ನಮ್ಮ ಅಪ್ಪ ಮೊದಲ ಸಲ ಇಂಡಾಫ್ ಬೆಳೆದ ವರ್ಷ ಕಣಜ ತುಂಬಿತು, ಮನೆಯಲ್ಲಿ ಮಾತ್ರ ಒಂದು ವಾರ ಹಿಟ್ಟು ಕೆಟ್ಟಿತು. ಅವ್ವನ ಕೈ ಹಳೆ ರಾಗಿಯ ಅಳತೆಗೆ ಪಳಗಿತ್ತು. "ಈ ರಾಗಿ ನೀರು ಬೇರೆ ಥರ ಕುಡೀತದೆ" ಎಂದು ಬೈದುಕೊಳ್ಳುತ್ತಿದ್ದುದು ನನಗೆ ನೆನಪಿದೆ. ವಾರ ಕಳೆದ ಮೇಲೆ ಬೈಗುಳ ನಿಂತಿತು. ಕೈ ಹೊಸ ರಾಗಿಯನ್ನು ಕಲಿತಿತ್ತು.

ತಕ್ಕಡಿ ಅಟ್ಟಕ್ಕೇರಿದ ಮೇಲೆ ನನ್ನ ಅಡುಗೆ ಶುರುವಾಗುತ್ತಿದ್ದುದು ಪೇಟೆ ಬೀದಿಯಲ್ಲಿ. ಬೆಳಿಗ್ಗೆ ಹಳ್ಳಿಯಿಂದ ಬುಟ್ಟಿ ಹೊತ್ತು ಬರುವ ಒಬ್ಬ ಅಜ್ಜಿಯ ಹತ್ತಿರ ಬೆರಕೆ ಸೊಪ್ಪು ಸಿಗುತ್ತದೆ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ತಾನಾಗಿ ಎದ್ದ ಅಣ್ಣೆ, ಗಣಿಕೆ, ಹೊನಗೊನ್ನೆ, ಕೀರೆ, ಹೆಸರು ಗೊತ್ತಿಲ್ಲದ ಇನ್ನೂ ಎರಡು ಮೂರು ಎಲೆ, ಎಲ್ಲ ಒಂದೇ ಕಂತೆ. ಇಂದಿನ ಕಂತೆ ನಾಳೆ ಇರುವುದಿಲ್ಲ. ಹಾಗಾಗಿ ಬೆರಕೆ ಸೊಪ್ಪಿನ ಸಾರಿಗೆ ಬರೆದಿಟ್ಟ ಅಳತೆ ಸಾಧ್ಯವೇ ಇಲ್ಲ. ಅಜ್ಜಿ ಕಂತೆ ಕೊಡುವಾಗಲೇ ಅರ್ಧ ಅಡುಗೆ ಹೇಳಿಬಿಡುತ್ತದೆ: "ಇವತ್ತು ಗಣಿಕೆ ಜಾಸ್ತಿ ಅದೆ ಮಗ, ಒಸಿ ಕಹಿ. ಬೆಳ್ಳುಳ್ಳಿ ಮುಂದಾಗಿ ಹಾಕು." ಮನೆಗೆ ಬರುವ ದಾರಿಯಲ್ಲಿ ಕಂತೆ ಮೂಸುತ್ತಾ ಬರುತ್ತಿದ್ದೆ. ಎದುರಿಗೆ ಸಿಕ್ಕ ಹಳೆ ಸಹೋದ್ಯೋಗಿಗಳು ಏನು ತಿಳಿದುಕೊಂಡರೋ.

ಆಗಸ್ಟ್ ಕೊನೆಗೆ ಪ್ಲಾಸ್ಟರ್ ತೆಗೆದರು. ಕೈ ಬಿಳಿಚಿಕೊಂಡು ಸಣ್ಣಗಾಗಿತ್ತು, ಲೋಟ ಎತ್ತಿದರೂ ನಡುಗುತ್ತಿತ್ತು. ಅಡುಗೆ ನನ್ನ ಪಾಲಿಗೇ ಉಳಿಯಿತು. ನಿಜ ಹೇಳಬೇಕೆಂದರೆ ಕೇಳಿದ್ದರೂ ಬಿಟ್ಟುಕೊಡುತ್ತಿರಲಿಲ್ಲ.

ಅಂಥ ಒಂದು ಸಂಜೆ ಹೊರಗೆ ಮಳೆ. ಬುಟ್ಟಿಯಲ್ಲಿ ಬೆರಕೆ ಸೊಪ್ಪಿತ್ತು, ಒಡೆದ ತೆಂಗಿನಕಾಯಿ ಮಾತ್ರ ಕೌಟು ವಾಸನೆ ಹೊಡೆಯುತ್ತಿತ್ತು. ಅಂಗಡಿಗೆ ಹೋಗುವ ಮನಸ್ಸಾಗಲಿಲ್ಲ. ಒಲೆಯ ಕೆಂಡಕ್ಕೆ ಈರುಳ್ಳಿ ತಳ್ಳಿ, ಸಿಪ್ಪೆ ಕರಕಲಾದ ಮೇಲೆ ಕೋಲಿನಿಂದ ಎಳೆಯುತ್ತಿದ್ದ ಅವ್ವ ಕಣ್ಣ ಮುಂದೆ ಬಂದಳು. ಆ ವಾಸನೆಯೇ ಮೂಗಿಗೆ ಬಂದ ಹಾಗಾಯಿತು. ಎರಡು ಈರುಳ್ಳಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ಒಡ್ಡಿದೆ. ಹೊರಗೆ ಕಪ್ಪಾಗಿ ಒಳಗೆ ಮೆತ್ತಗೆ ಜೇನಿನ ಬಣ್ಣ ತಿರುಗಿತು. ಕಾರ್ಖಾನೆಯಲ್ಲಿ ಸಕ್ಕರೆ ಹೀಗೆ ಕಂದು ತಿರುಗಿದರೆ ನನಗೆ ಮೆಮೊ ಬರುತ್ತಿತ್ತು. ಇಲ್ಲಿ ಅದೇ ಕಂದು ಬಣ್ಣಕ್ಕೆ ಬಾಯಲ್ಲಿ ನೀರು ಬಂತು. ಈರುಳ್ಳಿ ಸಿಹಿಯಾಗಿದ್ದರಿಂದ ಹುಣಸೆಹಣ್ಣು ಹೆಚ್ಚು ಬೇಕಾಗಬಹುದು ಅನ್ನಿಸಿತು. ಹೊರಗೆ ಥಂಡಿ, ಒಣಮೆಣಸಿನಕಾಯಿ ಅರ್ಧ ಕಡಿಮೆ ಮಾಡಿ ಕಾಳುಮೆಣಸು ಏರಿಸಿದೆ. ಕಾಯಿ ಇಲ್ಲದ ಸಾರಿಗೆ ಮೈ ಕಟ್ಟಬೇಕಲ್ಲ, ಡಬ್ಬಿ ತಡಕಿದೆ, ಹುಚ್ಚೆಳ್ಳು ಸಿಕ್ಕಿತು. ಚಟಪಟ ಅನ್ನುವವರೆಗೆ ಹುರಿದು ಒಂದು ಹಿಡಿ ಹಾಕಿ ರುಬ್ಬಿದೆ. ಇದ್ಯಾವುದನ್ನೂ ನಾನು ಒಂದೊಂದಾಗಿ ಕುಳಿತು ತೀರ್ಮಾನಿಸಲಿಲ್ಲ. ಒಂದು ಹಾಕಿದಾಗ ಅದು ಇನ್ನೊಂದನ್ನು ಕೇಳುತ್ತಿತ್ತು, ನಾನು ಕೊಡುತ್ತಿದ್ದೆ. ಕುದಿ ಬಂದಾಗ ಬಣ್ಣ ಕೆರೆಯ ತಳದ ಮಣ್ಣಿನ ಹಾಗಿತ್ತು. ಕಣ್ಣಿಗೆ ಚೆಂದವಿರಲಿಲ್ಲ. ವಾಸನೆಗೆ ಮಾತ್ರ ಪಕ್ಕದ ಮನೆಯ ಹುಡುಗ ಕಾಂಪೌಂಡಿನಾಚೆಯಿಂದ "ಅಂಕಲ್, ಏನು ಅಡುಗೆ?" ಅಂದ.

ಹೆಂಡತಿ ಎರಡು ತುತ್ತು ಹಿಟ್ಟನ್ನು ಅದರಲ್ಲಿ ಅದ್ದಿ ನುಂಗಿ ತಲೆ ಎತ್ತಿದಳು.

"ಯಾರ ಸಾರಿದು?"

"ನಮ್ಮವ್ವಂದು" ಅಂದೆ. ಗಂಟಲು ಸ್ವಲ್ಪ ಕಟ್ಟಿತ್ತು ಕೂಡ.

"ನಿಮ್ಮವ್ವನ ಜೊತೇಲಿ 19 ವರ್ಷ ಒಲೆ ಮುಂದೆ ಕುಂತೋಳು ನಾನು. ಅತ್ತೆ ಈರುಳ್ಳಿ ಸುಡ್ತಿದ್ದುದು ಬದನೇಕಾಯಿ ಗೊಜ್ಜಿಗೆ. ಸಾರಿಗೆ ಒಂದು ದಿನಾನೂ ಸುಟ್ಟಿಲ್ಲ. ಹುಚ್ಚೆಳ್ಳಂತೂ ಅವರಿಗೆ ಕಂಡ್ರೇ ಆಗ್ತಿರ್ನಿಲ್ಲ."

ನಾನು ಒಪ್ಪಲಿಲ್ಲ. ಕೆಂಡ, ಈರುಳ್ಳಿ, ಕೋಲು, ಇಷ್ಟು ಸ್ಪಷ್ಟವಾಗಿ ಕಂಡಿದ್ದೇನೆ, ಸಾರು ಬೇರೆಯಾಗಿರಲು ಹೇಗೆ ಸಾಧ್ಯ? ಮಾತು ಬೆಳೆಯಿತು. ಕೊನೆಗೆ ಹಬ್ಬಕ್ಕೆ ನಮ್ಮಕ್ಕ ಬಂದಾಗ ಕೇಳುವುದು ಎಂದು ತೀರ್ಮಾನವಾಯಿತು. ಅಷ್ಟು ಜಗಳವಾಡಿಯೂ ಅವಳು ಮೂರನೆಯ ಸಲ ಸಾರು ಬಡಿಸಿಕೊಂಡಿದ್ದನ್ನು ನಾನು ಗಮನಿಸಿದೆ, ಹೇಳಲಿಲ್ಲ.

ಹಬ್ಬ ಅಂದರೆ ಮಹಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ಅಕ್ಕ, ತಮ್ಮಂದಿರು, ಅವರ ಮಕ್ಕಳು, ಒಟ್ಟು 14 ಜನ. ಮಾಂಸದಡುಗೆ, ವಡೆ, ಪಾಯಸ ಅಕ್ಕ ಮತ್ತು ನಾದಿನಿಯರ ಪಾಲು. ನಾನು ಅವ್ವನ ಹೆಸರಿನಲ್ಲಿ ಸುಟ್ಟೀರುಳ್ಳಿ ಬಸ್ಸಾರು ಮಾಡುತ್ತೇನೆ ಅಂದೆ. ದೊಡ್ಡ ಪಾತ್ರೆ ಒಲೆಗಿಟ್ಟ ಮೇಲೆ ಜ್ಞಾಪಕವಾಯಿತು: ಎಡೆ ಇಡುವ ಮೊದಲು ರುಚಿ ನೋಡುವ ಹಾಗಿಲ್ಲ. ಹಿರಿಯರಿಗಿಂತ ಮುಂಚೆ ನಾಲಿಗೆಗೆ ತಾಕಿಸಿದರೆ ಎಂಜಲು.

ಇಷ್ಟು ದಿನ ನಾನು ಕಲಿತದ್ದರಲ್ಲಿ ಅರ್ಧಕ್ಕರ್ಧ ನಾಲಿಗೆಯ ಆಸರೆಯಲ್ಲಿತ್ತು. ಅದೂ ಇಬ್ಬರ ಅಳತೆ. ಈಗ 14 ಜನ, ನಾಲಿಗೆ ಇಲ್ಲ. ಈರುಳ್ಳಿ ಸುಟ್ಟದ್ದು ಸಾಕೋ ಬೇಡವೋ ವಾಸನೆಯಿಂದ ತಿಳಿಯಿತು. ಬೇಳೆ ಬೆರಳಿಗೆ ತಿಳಿಯಿತು. ಖಾರ ರುಬ್ಬುವಾಗಲೇ ಕಣ್ಣು ಉರಿಸಿತು, ಅದೂ ಒಂದು ಅಳತೆಯೇ. ಹುಳಿ ಮಾತ್ರ ಯಾವುದರಿಂದಲೂ ತಿಳಿಯುವುದಿಲ್ಲ, ಕಿವುಚಿದ ನೀರಿನ ಬಣ್ಣ ನೋಡಿ ಹಾಕಿದೆ. ಉಪ್ಪಿಗೆ ಬಂದಾಗ ಕೈ ನಿಂತಿತು. ಲೆಕ್ಕ ಬರುತ್ತಿತ್ತು: ಸುಮಾರು ಏಳು ಲೀಟರ್, 65 ಗ್ರಾಂ, ತಕ್ಕಡಿ ಅಟ್ಟದಲ್ಲಿದೆ, ಇಳಿಸಿದರಾಯಿತು. ಹೆಂಡತಿಯ ಕಡೆ ನೋಡಿದೆ. ಅವಳು ವಡೆಯ ಹಿಟ್ಟು ಕಲಸಲು ಬಲಗೈಯಿಂದ ಹೆಣಗುತ್ತಿದ್ದಳು. ನನ್ನನ್ನು ನೋಡಿಯೂ ನೋಡದ ಹಾಗಿದ್ದಳು. ಮೂರು ಸಲ ಐದು ಬೆರಳಲ್ಲಿ ಎತ್ತಿ ಹಾಕಿದೆ, ನಾಲ್ಕನೆಯದನ್ನು ಅರ್ಧಕ್ಕೆ ತಡೆದೆ.

ಹೊಸ ಬಟ್ಟೆ, ಹೂವು, ಅಪ್ಪ ಅವ್ವನ ಫೋಟೊ, ಮುಂದೆ ಎಲೆ ತುಂಬ ಎಡೆ. ಧೂಪ ಹಾಕಿ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆಳೆದೆವು. ಹಿರಿಯರು ಬಂದು ಉಣ್ಣಲಿ ಅಂತ ಸ್ವಲ್ಪ ಹೊತ್ತು ಹಾಗೆ ಬಿಡುವುದು ವಾಡಿಕೆ. ಜಗಲಿಯಲ್ಲಿ ಎಲ್ಲರೂ ಸುಮ್ಮನೆ ನಿಂತಿದ್ದೆವು.

"ಅತ್ತೆ ಹುಚ್ಚೆಳ್ಳು ನೋಡಿ ಏನಂತಾರೋ" ಅಂದಳು ಹೆಂಡತಿ, ನನಗಷ್ಟೇ ಕೇಳುವ ಹಾಗೆ.

ಬಾಗಿಲು ತೆಗೆದಾಗ ಎಡೆಯ ಸಾರಿನ ಮೇಲೆ ಹುಚ್ಚೆಳ್ಳಿನ ಎಣ್ಣೆ ತೆಳ್ಳಗೆ ಕೆನೆಕಟ್ಟಿತ್ತು. ಸಾಲಾಗಿ ಕೂತರು. ಮೊದಲು ಅಕ್ಕನಿಗೆ ಬಡಿಸಿದೆ. ಹಿಟ್ಟು ಮುರಿದು ಅದ್ದಿ ನುಂಗಿದಳು. ಇನ್ನೊಂದು ತುತ್ತು. ನಾನು ಸೌಟು ಹಿಡಿದು ಅಲ್ಲೇ ನಿಂತಿದ್ದೆ.

"ಹೆಂಗದೆ ಅಕ್ಕ? ಅವ್ವನ ಸಾರಲ್ವ?"

"ಅವ್ವನ ಸಾರು ಹಿಂಗಿರ್ನಿಲ್ಲ ಕಣ್ಲಾ" ಅಂದಳು ಅಕ್ಕ. "ಉಪ್ಪು ಒಸಿ ಕಮ್ಮಿ ಅದೆ. ಇನ್ನೊಂದು ಸೌಟು ಬುಡು."